ಕರೆಂಟ್ ಹೋದಾಗ ಕೇಳಿಸಿದ ರೊಟ್ಟಿ

ಬಿಟಿಎಂ ಬಡಾವಣೆ ಎರಡನೇ ಹಂತದ ಆ ಅಡ್ಡರಸ್ತೆಯಲ್ಲಿ ಹಾಲಿನ ವ್ಯಾನು ಬರುವ ಮೊದಲೇ ಒಂದು ಸದ್ದು ಶುರುವಾಗಿರುತ್ತದೆ. ತಪ್, ತಪ್, ತಪತಪ್, ತಪ್. ಬಾಡಿಗೆ ರೂಮಿನ ಹುಡುಗರು ಮುಸುಕೆಳೆದು ಹೊರಳುತ್ತಾರೆಯೇ ಹೊರತು ಯಾರೂ ಬೈಯುವುದಿಲ್ಲ. ಮಧ್ಯಾಹ್ನ ಅದೇ ಸದ್ದನ್ನು ಎಣ್ಣೆಗಾಯಿ ಜೊತೆ ತಿನ್ನುವವರು ಅವರೇ ತಾನೇ? ಯಲ್ಲಪ್ಪನವರ ಖಾನಾವಳಿಯ ಅಡುಗೆಮನೆಯಲ್ಲಿ ಅವರ ಹೆಂಡತಿ ಮುರಿಗೆವ್ವ ಕಡಪಾ ಕಲ್ಲಿನ ಮುಂದೆ ನಿಂತಿದ್ದಾರೆ. ಬಿಸಿನೀರಲ್ಲಿ ನಾದಿದ ಜೋಳದ ಹಿಟ್ಟಿನ ಉಂಡೆ ಅವರ ಅಂಗೈ ಕೆಳಗೆ ತಿರುಗುತ್ತ ತಿರುಗುತ್ತ ಹಂಚಿನಗಲ ಆಗುತ್ತದೆ. ನಡುನಡುವೆ ಬಳೆ ಕಲ್ಲಿಗೆ ತಾಗಿ ಟಿಣ್ ಎನ್ನುತ್ತದೆ.

ಈ ಸದ್ದು ಖಾನಾವಳಿಯಲ್ಲಿ ಉಣ್ಣದವರ ಕಿವಿಗೂ ಬಿದ್ದಿದೆ. 'ಕರೆಂಟ್ ಹೋಯ್ತು' ಎಂಬ ಬ್ಯಾಂಡಿನ ಹಾಡು ಕೇಳಿದವರು, ಅದರ ತಾಳ ಯಾವ ವಿದೇಶಿ ಯಂತ್ರದ್ದಪ್ಪಾ ಎಂದು ತಲೆ ಕೆರೆದುಕೊಂಡವರು ಬೇಕಾದಷ್ಟು ಮಂದಿ. ಯಂತ್ರವೂ ಇಲ್ಲ, ಮಣ್ಣೂ ಇಲ್ಲ. ಅದು ರೋಣ ತಾಲ್ಲೂಕಿನಿಂದ ಗಂಡನ ಜೊತೆ ಬೆಂಗಳೂರಿಗೆ ಬಂದ ಮುರಿಗೆವ್ವನ ಕೈ.

ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಖಾನಾವಳಿಯ ಮೇಲಿನ ಮಹಡಿ ಬ್ಯಾಂಡಿನವರದ್ದು. ಕೀಬೋರ್ಡಿನ ಶ್ರೀಕರ್, ಹಾಡುವ ಪ್ರಕೃತಿ, ತಾಳದ ಯಂತ್ರ ನೋಡಿಕೊಳ್ಳುವ ಸುಶ್ರುತ. ಮೂವರೂ ಆಗಷ್ಟೇ ಕಾಲೇಜು ಮುಗಿಸಿದವರು. ತ್ಯಾಗರಾಜನಗರದ ಶ್ರೀಕರ್ ಮನೆಯಲ್ಲಿ ಬಾರಿಸಲು ಹೋಗಿ, ಅಕ್ಕಪಕ್ಕದವರಿಂದ ಮಂಗಳಾರತಿ ಮಾಡಿಸಿಕೊಂಡು ಇಲ್ಲಿಗೆ ಬಂದಿದ್ದರು. ಅವರು ನುಡಿಸುತ್ತಿದ್ದುದು ಟ್ರಿಪ್-ಹಾಪ್. ತೂಗಿ ತೂಗಿ ಸಾಗುವ ನಿಧಾನದ ತಾಳ, ಎದೆಗೆ ಬಡಿಯುವ ದಪ್ಪ ಬೇಸ್, ಅದರ ಮೇಲೆ ಪಿಸುಮಾತಿನಂಥ ಹಾಡು. "ನಿದ್ದಿಗಣ್ಣಾಗ ಹಾಡಿದಂಗ ಇರತೈತ್ರಿ. ಕೆಟ್ಟೇನ್ ಇಲ್ಲ" ಎನ್ನುತ್ತಾರೆ ಮುರಿಗೆವ್ವ.

ಒಂದು ಬೆಳಿಗ್ಗೆ ಆ ಮೂವರು ಬಾರಿಸುತ್ತಿರುವಾಗಲೇ ಕರೆಂಟ್ ಹೋಯಿತು. ಯಂತ್ರ ಬಾಯಿ ಮುಚ್ಚಿತು. ಕೆಳಗಿನಿಂದ ರೊಟ್ಟಿ ಬಡಿಯುವ ಸದ್ದು ಮಾತ್ರ ಮೆಟ್ಟಿಲು ಹತ್ತಿ ಬಂತು. ಪ್ರಕೃತಿ ಹಾಡು ನಿಲ್ಲಿಸದೆ ಆ ಸದ್ದಿಗೇ ಗುನುಗತೊಡಗಿದರು. ಸುಶ್ರುತ ಬ್ಯಾಟರಿ ರೆಕಾರ್ಡರ್ ಹಿಡಿದು ಕೆಳಗೆ ಓಡಿದರು.

"ಆ ಹುಡುಗ ಬಾಗಲ್ದಾಗ ಬಂದು ನಿಂತನ್ರಿ. ರೊಟ್ಟಿ ಬೇಕೇನು ತಮ್ಮಾ ಅಂದೆ. ಬೇಡಕ್ಕ, ಸೌಂಡ್ ಬೇಕು ಅಂದ. ಸೌಂಡ್ ತಗೊಂಡು ಹೊಟ್ಟಿ ತುಂಬತೈತೇನೋ ಅಂತ ನಕ್ಕೆ." ಈಗಲೂ ಹೇಳುತ್ತ ಹೇಳುತ್ತ ನಗುತ್ತಾರೆ. ಬ್ಯಾಂಡಿನ ಹೆಸರು ಹುಟ್ಟಿದ್ದೂ ಆ ಬೆಳಿಗ್ಗೆಯೇ.

ಮೊದಲ ಆಲ್ಬಂ 'ಎರಡನೇ ಮಹಡಿ' ಸಖತ್ ಹೆಸರು ಮಾಡಿತು. ಎರಡನೆಯದಕ್ಕೂ ಮುರಿಗೆವ್ವ ಬಡಿದುಕೊಟ್ಟರು. ಮೂರನೆಯದರ ಹೊತ್ತಿಗೆ ಬ್ಯಾಂಡು ಮುಂಬೈ, ದಿಲ್ಲಿ ಎಂದು ಓಡಾಡುತ್ತಿತ್ತು. ಅಡುಗೆಮನೆಗೆ ಬರುವಷ್ಟು ಪುರುಸೊತ್ತು ಎಲ್ಲಿ? ಹಳೆಯ ಬಡಿತವನ್ನೇ ಕಂಪ್ಯೂಟರಿನಲ್ಲಿ ಜೋರಾಗಿ ಓಡಿಸಿದರು. ಆಲ್ಬಂ ಮಕಾಡೆ ಮಲಗಿತು. ಮೂವರೂ ಮಾತು ಬಿಟ್ಟರು, ರೂಮು ಖಾಲಿಯಾಯಿತು. "ಅಷ್ಟು ಗಡಿಬಿಡಿಲೆ ಬಡದ್ರ ರೊಟ್ಟಿ ಹರೀತೈತ್ರಿ. ಅವ್ರದೂ ಹಂಗ ಆತು" ಎನ್ನುವಾಗ ಮುರಿಗೆವ್ವನ ದನಿಯಲ್ಲಿ ಸಿಟ್ಟಿಲ್ಲ, ಸಂಕಟವಿದೆ.

ಆದರೆ ಮುರಿಗೆವ್ವನ ಸ್ವಂತ ಸಂಕಟ ಬೇರೆಯೇ ಇತ್ತು. ಅದನ್ನು ಮಗಳೊಬ್ಬಳಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಮೊದಲ ಆಲ್ಬಮ್ಮಿನ ಸೀಡಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ತವರಿಗೆ ಒಯ್ದಿದ್ದರು. ಅಣ್ಣನ ಮಗ ಅದರ ಹಿಂಬದಿ ಓದಿದ: "ಚಪ್ಪಾಳೆ: ಮುರಿಗಮ್ಮ." ಮುರಿಗೆವ್ವನ ತಾಯಿ ಅತ್ತಿತ್ತ ನೋಡಿ, "ಈಕಿ ಯಾರ?" ಎಂದರು. ಮುರಿಗೆವ್ವ ಎನ್ನುವುದು ಆ ತಾಯಿಯ ತಾಯಿಯ ಹೆಸರು. ಮಗಳಿಗೆ ಹುಡುಕಿ ಇಟ್ಟದ್ದಲ್ಲ, ಮನೆಯಲ್ಲೇ ಇದ್ದದ್ದನ್ನು ಕೊಟ್ಟದ್ದು. ಸೀಡಿ ಮತ್ತೆ ಸೆರಗಿನೊಳಗೆ ಹೋಯಿತು.

ಮೊನ್ನೆ ಬೆಳಿಗ್ಗೆ ಶ್ರೀಕರ್ ಖಾನಾವಳಿ ಬಾಗಿಲಲ್ಲಿ ಪ್ರತ್ಯಕ್ಷ. ತಲೆ ಅರ್ಧ ನರೆತಿದೆ. ಬ್ಯಾಂಡಿನ ಆಯ್ದ ಹಾಡುಗಳು ಎಲ್ಪಿ ರೆಕಾರ್ಡಾಗಿ ಬರುತ್ತಿವೆಯಂತೆ. ಹೆಸರು 'ಕರೆಂಟ್ ಬಂತು.' ಕವರು ಆಗಲೇ ಅಚ್ಚಾಗಿ ಬಂದಿತ್ತು. ಒಂದನ್ನು ಹೆಮ್ಮೆಯಿಂದ ಮುರಿಗೆವ್ವನ ಕೈಗಿಟ್ಟರು. ಅವರು ಅದನ್ನು ಮಗಳು ರಾಜಶ್ರೀಗೆ ಕೊಟ್ಟರು. ಜಯನಗರದ ಕ್ಲಿನಿಕ್ಕಿಗೆ ಡ್ಯೂಟಿಗೆ ಹೊರಟಿದ್ದ ರಾಜಶ್ರೀ ಹಿಂಬದಿ ತಿರುಗಿಸಿ ನೋಡಿದಳು. ಅದೇ ಚಪ್ಪಾಳೆ. ಅದೇ ಮುರಿಗಮ್ಮ.

"ಅವ್ವಾ, ಈಗ್ಲೂ ಹೇಳ್ಲಿಲ್ಲ ಅಂದ್ರೆ ಇನ್ನ್ ಯಾವಾಗ ಹೇಳ್ತೀಯ?"

ಮುರಿಗೆವ್ವ ಒಲೆ ಸಣ್ಣ ಮಾಡಿದರು. ಇಷ್ಟಕ್ಕೆಲ್ಲ ತಗಾದೆ ತೆಗೆಯುವುದೇ ಎಂಬ ಸಂಕೋಚ ಒಂದು ಕಡೆ. ಈಗ ನುಂಗಿಕೊಂಡರೆ ಸಾಯುವ ತನಕ ತಾನು ಮುರಿಗಮ್ಮ ಎಂಬ ಭಯ ಇನ್ನೊಂದು ಕಡೆ. ಕೊನೆಗೆ ಬಾಯಿಬಿಟ್ಟರು.

"ತಮ್ಮಾ, ಚಪ್ಪಾಳಿ ಕುಂತು ನೋಡೋರು ಹೊಡೀತಾರ. ನಾ ಕುಂತು ನೋಡಾಕಿ ಅಲ್ಲ. ಮತ್ತ ನನ್ನ ಹೆಸರು ಇದಲ್ಲ."

ಶ್ರೀಕರ್ ಮುಖ ಸಣ್ಣದಾಯಿತು. "ಅವ್ವ ಅಂತ ಹಾಕಿದ್ರೆ ಮರ್ಯಾದೆ ಕಮ್ಮಿ ಆಗುತ್ತೇನೋ ಅಂತ ನಾವೇ ಅಮ್ಮ ಮಾಡಿದ್ವಿ ಅಕ್ಕ. ರೊಟ್ಟಿ ಅಂದ್ರೂ ಜನ ನಗ್ತಾರೆ ಅನ್ಕೊಂಡ್ವಿ."

"ಸಾರ್, ನಿಮ್ಮದೇ 'ಹಬೆ' ಹಾಡು ಒಂದ್ಸಲ ಸರಿಯಾಗಿ ಕೇಳಿ" ಎಂದಳು ರಾಜಶ್ರೀ. ಮೊಬೈಲಿನಲ್ಲಿ ಹಾಕಿಯೇ ಬಿಟ್ಟಳು. ಎರಡನೇ ಚರಣ ಮುಗಿದು ರೊಟ್ಟಿಯ ಬಡಿತವೊಂದೇ ಉಳಿಯುವ ಕಡೆ, ಹಿಂದೆ ಎಲ್ಲೋ ಒಂದು ಮಗು ಕೂಗುತ್ತದೆ: "ಅವ್ವಾ." ಅಂದು ಅಡುಗೆಮನೆಯ ಮೂಲೆಯಲ್ಲಿ ಆಡುತ್ತಿದ್ದ ರಾಜಶ್ರೀಯ ದನಿ ಅದು. ಅಭಿಮಾನಿಗಳು ಇಷ್ಟು ವರ್ಷ ಅದನ್ನು ಏನೋ ಎಫೆಕ್ಟ್ ಎಂದುಕೊಂಡಿದ್ದರು. ಶ್ರೀಕರ್ ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟರು.

ಅಚ್ಚಾದ ಕವರುಗಳನ್ನು ಎಸೆಯುವ ಹಾಗಿರಲಿಲ್ಲ. ಭಾನುವಾರ ಮಧ್ಯಾಹ್ನ ಊಟದ ಗದ್ದಲ ಇಳಿದ ಮೇಲೆ ಖಾನಾವಳಿಯ ಉದ್ದ ಮೇಜಿನ ಮೇಲೆ ಅವೆಲ್ಲ ಬಂದು ಬಿದ್ದಿವೆ. ಯಲ್ಲಪ್ಪ ಮೈದಾ ಕಾಯಿಸಿ ಅಂಟು ಮಾಡಿದ್ದಾರೆ. ಶ್ರೀಕರ್ ಫೋನು ಮಾಡಿ ಉಳಿದಿಬ್ಬರನ್ನೂ ಕರೆಸಿದ್ದಾರೆ. ಮುಖ ಕೊಟ್ಟು ಮಾತಾಡದೆ ವರ್ಷಗಳೇ ಆಗಿದ್ದ ಮೂವರು ಒಂದೇ ಬೆಂಚಿನಲ್ಲಿ ಕೂತು ತಪ್ಪು ಸಾಲಿನ ಮೇಲೆ ಚೀಟಿ ಅಂಟಿಸುತ್ತಿದ್ದಾರೆ. ಶ್ರೀಕರ್ ಅಂಟು ಸವರಿದರೆ ಸುಶ್ರುತ ಚೀಟಿ ಇಡುತ್ತಾರೆ, ಪ್ರಕೃತಿ ಒತ್ತುತ್ತಾರೆ. "ಸೊಟ್ಟ ಇಡ್ಬೇಡ ಕಣೋ" ಎಂದು ಪ್ರಕೃತಿ ಗದರಿದರು. ಬಿಟ್ಟುಹೋಗಿದ್ದ ಮಾತು ಮತ್ತೆ ಶುರುವಾದದ್ದು ಹಾಗೆ. ಚೀಟಿಯ ಮೇಲೆ ದಪ್ಪಕ್ಷರದಲ್ಲಿ ಇಷ್ಟೇ ಇದೆ: ರೊಟ್ಟಿ ಬಡಿತ: ಮುರಿಗೆವ್ವ.

ಮೊದಲು ಅಂಟಿಸಿದ ಕವರನ್ನು ಮುರಿಗೆವ್ವ ಒಣಗಲು ಪಾತ್ರೆ ಕಪಾಟಿನ ಮೇಲಿಟ್ಟಿದ್ದಾರೆ. "ನಮ್ಮವ್ವಗ ಒಯ್ದು ತೋರಸ್ಬೇಕ್ರಿ. ಕಣ್ಣು ಮಂಜಾಗ್ಯಾವು, ಓದಾಕ ಬರೂದಿಲ್ಲ. ಆದ್ರ ಹೆಸರು ಕೇಳ್ತಾಳ." ಅವರ ಆಸೆ ಇಷ್ಟೇ.

ಸಂಜೆ ಶ್ರೀಕರ್ ತಂದ ಪ್ಲೇಯರಿನ ಮೇಲೆ ರೆಕಾರ್ಡು ತಿರುಗುತ್ತದೆ. ರೊಟ್ಟಿಗಾಗಿ ಕಾಯುತ್ತಿದ್ದ ರೂಮಿನ ಹುಡುಗರು ಗೋಡೆಗೊರಗಿ ಕೇಳುತ್ತಾರೆ. ಒಳಗೆ ರಾತ್ರಿಯ ಊಟಕ್ಕೆ ಬಡಿತ ನಡೆದೇ ಇದೆ; ಹಾಡಿನದ್ಯಾವುದು, ಅಡುಗೆಮನೆಯದ್ಯಾವುದು ತಿಳಿಯುವುದಿಲ್ಲ. 'ಹಬೆ' ಮುಗಿಯುತ್ತದೆ. ಒಬ್ಬ ಚಪ್ಪಾಳೆ ತಟ್ಟುತ್ತಾನೆ, ಆಮೇಲೆ ಖಾನಾವಳಿಯೇ ತಟ್ಟುತ್ತದೆ. ಮುರಿಗೆವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬರುತ್ತಾರೆ, ಸದ್ದು ನಿಲ್ಲುವ ತನಕ ಕಾಯುತ್ತಾರೆ, ಶ್ರೀಕರ್ ಕಡೆ ತಿರುಗುತ್ತಾರೆ.

"ಕೇಳಿದೇನು ತಮ್ಮಾ? ಅದು ಚಪ್ಪಾಳಿ. ನಂದು ರೊಟ್ಟಿ."