ಗಾಳಿ ನಿಂತರೆ ಇವರಿಗೆ ಭಯ

ಬೆಳಿಗ್ಗೆ ಆರಕ್ಕೆ ಇನ್ನೂ ಹತ್ತು ನಿಮಿಷ ಇದೆ. ನಲವತ್ತೊಂದನೇ ನಂಬರಿನ ಗಾಳಿಯಂತ್ರದ ಬುಡದಲ್ಲಿ, ಕಬ್ಬಿಣದ ಬಾಗಿಲ ಹಿಡಿಕೆಗೆ ಕಟ್ಟಿದ ಹೊಲಿಗೆ ದಾರ ಅಲ್ಲಾಡುತ್ತಿಲ್ಲ. ಐವತ್ತೆರಡು ವರ್ಷದ ಮೆಕ್ಯಾನಿಕ್ ಅದರ ಮುಂದೆ ಕುಕ್ಕರುಗಾಲಲ್ಲಿ ಕುಳಿತು, ಉಸಿರು ಬಿಗಿಹಿಡಿದು ನೋಡುತ್ತಿದ್ದಾರೆ. ತಮ್ಮ ಉಸಿರಿಗೇ ದಾರ ಅಲ್ಲಾಡಿದರೆ ಲೆಕ್ಕ ತಪ್ಪುತ್ತದೆ ಎಂಬುದು ಅವರ ವಾದ. ಎಂಬತ್ತು ಮೀಟರ್ ಎತ್ತರದಲ್ಲಿರುವ ಉಪಕರಣ ಗಾಳಿಯ ವೇಗವನ್ನು ಕಂಟ್ರೋಲ್ ರೂಮಿನ ಪರದೆಗೆ ಕ್ಷಣಕ್ಷಣಕ್ಕೂ ಕಳಿಸುತ್ತಲೇ ಇದೆ. ಈಗ ಸೆಕೆಂಡಿಗೆ ಎರಡು ಪಾಯಿಂಟ್ ಒಂದು ಮೀಟರ್. ಆದರೂ ಅವರಿಗೆ ದಾರ ಬೇಕು.

“ಪರದೆ ಸುಳ್ಳು ಹೇಳುತ್ತೆ ಅಂತಲ್ಲ,” ಎನ್ನುತ್ತಾರೆ ಎದ್ದು ಮಂಡಿ ಒರೆಸಿಕೊಳ್ಳುತ್ತ. “ಅದು ಮೇಲಿನ ಗಾಳಿ ಹೇಳುತ್ತೆ, ದಾರ ಕೆಳಗಿನದ್ದು ಹೇಳುತ್ತೆ. ಎರಡೂ ಸುಮ್ಮನಿದ್ರೆ ಆಗ ನನಗೆ ಹೆದರಿಕೆ ಶುರುವಾಗುತ್ತೆ.”

ತಂಡದಲ್ಲಿ ಅವರ ಹೆಸರು ‘ಇನ್ನೊಂದ್ಸಲ’. ಬೋಲ್ಟು ಬಿಗಿದವರಿಗೆ ಇನ್ನೊಂದ್ಸಲ ನೋಡು ಎನ್ನುತ್ತಾರೆ, ಬೆಲ್ಟು ಕಟ್ಟಿಕೊಂಡವರಿಗೆ ಇನ್ನೊಂದ್ಸಲ ಎಳೆದು ನೋಡು ಎನ್ನುತ್ತಾರೆ. ವರ್ಷಕ್ಕೊಮ್ಮೆ ತಪಾಸಣೆಗೆ ಬರುವ ಎಂಜಿನಿಯರೂ ಅವರನ್ನು ಹಾಗೇ ಕರೆಯುತ್ತಾರೆ. ಹಾಜರಿ ಪುಸ್ತಕದಲ್ಲಿರುವ ಹೆಸರು ಬಹಳ ಜನಕ್ಕೆ ಗೊತ್ತಿಲ್ಲ.

ಬಿರುಗಾಳಿ ಬಂದಾಗ ಗಾಳಿಯಂತ್ರಗಳ ಸುದ್ದಿಯಾಗುತ್ತದೆ. ಗಾಳಿ ತೀರಾ ಕಡಿಮೆಯಾದಾಗ ಅವು ಏನು ಮಾಡುತ್ತವೆ ಎಂದು ಯಾರೂ ಕೇಳುವುದಿಲ್ಲ. ಈ ಬಯಲಿನಲ್ಲಿರುವ ಅರವತ್ತೆರಡು ಯಂತ್ರಗಳು ವಿದ್ಯುತ್ ಕೊಡಲು ಶುರುಮಾಡುವುದು ಗಾಳಿ ಸೆಕೆಂಡಿಗೆ ಮೂರೂವರೆ ಮೀಟರ್ ಮುಟ್ಟಿದ ಮೇಲೆ, ಅಂದರೆ ನಿಧಾನವಾಗಿ ಸೈಕಲ್ ತುಳಿಯುವವರ ವೇಗಕ್ಕೆ ಬಂದ ಮೇಲೆ. ಅದಕ್ಕಿಂತ ಕಡಿಮೆ ಇದ್ದಾಗ ಮೂರೂ ರೆಕ್ಕೆಗಳು ತಮ್ಮ ಅಂಚನ್ನು ಗಾಳಿಗೆ ಒಡ್ಡಿಕೊಂಡು ಸುಮ್ಮನಿರುತ್ತವೆ. ಸುಮ್ಮನೆ ಎಂದರೆ ಪೂರ್ತಿ ನಿಂತಿರುವುದಿಲ್ಲ, ಒಂದೂವರೆ ನಿಮಿಷಕ್ಕೋ ಎರಡು ನಿಮಿಷಕ್ಕೋ ಒಂದು ಸುತ್ತು ಹಾಕುತ್ತವೆ. ಒಂದೇ ಜಾಗದಲ್ಲಿ ನಿಂತುಬಿಟ್ಟರೆ ಒಳಗಿನ ಬೇರಿಂಗುಗಳಿಗೆ ಗುಳಿ ಬೀಳುತ್ತದೆ, ಹಾಗಾಗಿ ಬೇಕೆಂದೇ ತಿರುಗಲು ಬಿಡುತ್ತಾರೆ. ಆ ಹೊತ್ತಿನಲ್ಲಿ ಯಂತ್ರ ವಿದ್ಯುತ್ ಕೊಡುವುದಿಲ್ಲ. ತನ್ನ ಪಂಪು, ಮೋಟಾರು, ದೀಪಗಳಿಗಾಗಿ ಲೈನಿನಿಂದ ತಾನೇ ಎಳೆದುಕೊಳ್ಳುತ್ತದೆ.

ಇಂಥ ಗಾಳಿಗೆ ದಿಕ್ಕೂ ಇರುವುದಿಲ್ಲ. ಗಾಳಿ ಮೂರರ ಆಸುಪಾಸಿನಲ್ಲಿ ಹೊಯ್ದಾಡುವಾಗ ಗಾಳಿಯ ದಿಕ್ಕು ತೋರುವ ತುದಿಯ ಮುಳ್ಳು ಒಮ್ಮೆ ಅತ್ತ, ಒಮ್ಮೆ ಇತ್ತ ನೋಡುತ್ತದೆ. ಅದನ್ನು ನಂಬಿ ಗೋಪುರದ ಮೇಲಿನ ಎಪ್ಪತ್ತು ಟನ್ನಿನ ತಲೆಯೂ ಹಿಂದೆ ಹಿಂದೆ ತಿರುಗುತ್ತದೆ. ಒಂದೇ ಕಡೆಗೆ ಮೂರು ಸುತ್ತು ಆಯಿತೆಂದರೆ ಗೋಪುರದೊಳಗೆ ಇಳಿಬಿದ್ದ ಕೇಬಲ್ಲುಗಳು ಹಗ್ಗದಂತೆ ಹುರಿಗೊಂಡಿರುತ್ತವೆ. ಆಗ, ಹೆಚ್ಚಾಗಿ ಗಾಳಿ ಬಿದ್ದ ಹೊತ್ತು ನೋಡಿಕೊಂಡು, ಯಂತ್ರ ತಾನಾಗಿಯೇ ನರಳುತ್ತ ವಾಪಸು ತಿರುಗಿ ಹುರಿ ಬಿಚ್ಚಿಕೊಳ್ಳುತ್ತದೆ.

“ಹೊಸಬರು ಆ ಸದ್ದಿಗೇ ಅರ್ಧ ಜೀವ ಆಗ್ತಾರೆ,” ಎನ್ನುತ್ತಾರೆ ಇನ್ನೊಂದ್ಸಲ. “ನಾನು ಹೇಳೋದಿಷ್ಟೆ. ನರಳೋ ಮಿಷನ್ನಿಗೆ ಹೆದರಬೇಡಿ. ಸುಮ್ಮನಿರೋದಕ್ಕೆ ಹೆದರಿ.”

ರೆಕ್ಕೆಗಳು ಸೇರುವ ಮೂಗಿನಂತಹ ಭಾಗಕ್ಕೆ ಹಬ್ ಎನ್ನುತ್ತಾರೆ. ರೆಕ್ಕೆಗಳ ಕೋನ ಬದಲಿಸುವ ಮೋಟಾರುಗಳಿರುವುದು ಅದರೊಳಗೆ. ಅವು ಕೆಟ್ಟರೆ ಮನುಷ್ಯ ತೆವಳಿಕೊಂಡು ಒಳಗೆ ಹೋಗಬೇಕು. ಹೋಗುವುದು ಗಾಳಿ ನಿಂತ ದಿನಗಳಲ್ಲಿ ಮಾತ್ರ. ಒಬ್ಬರು ಒಳಗಿರುವಷ್ಟು ಹೊತ್ತು ಇನ್ನೊಬ್ಬರು ಹೊರಗೆ, ರೋಟರನ್ನು ಅಲುಗದಂತೆ ಹಿಡಿದಿರುವ ಉಕ್ಕಿನ ಲಾಕ್ ಪಿನ್ನಿನ ಪಕ್ಕ ಕುಳಿತಿರಬೇಕು. ಹನ್ನೊಂದು ವರ್ಷದಿಂದ ಆ ಜಾಗ ಇವರದು. ಈವರೆಗೆ ಆರುನೂರ ಹದಿನೆಂಟು ಸಲ ಕುಳಿತಿದ್ದಾರೆ.

ಇವತ್ತು ಒಳಗೆ ಹೋಗುತ್ತಿರುವುದು ಅವರ ಹೆಂಡತಿಯ ತಮ್ಮ.

ಭಾಮೈದನಿಗೆ ಈಗ ನಲವತ್ತು. ಎಡಗೈಯಲ್ಲಿ ಮೂರು ಬೆರಳಿವೆ. ಹನ್ನೊಂದು ವರ್ಷ ಕಂಟ್ರೋಲ್ ರೂಮಿನಲ್ಲಿ ಪರದೆ ನೋಡುತ್ತ ಕುಳಿತಿದ್ದವರು, ಈ ತಿಂಗಳು ವೈದ್ಯರ ಪ್ರಮಾಣಪತ್ರ ತಂದು ಮತ್ತೆ ಮೇಲೆ ಹತ್ತುತ್ತೇನೆ ಎಂದು ಬರೆದುಕೊಟ್ಟಿದ್ದಾರೆ. ಕೆಳಗೆ ಒಂದು ಸಾಲು ಸೇರಿಸಿದ್ದಾರೆ: ಪಿನ್ನಿನ ಹತ್ತಿರ ಭಾವನೇ ಇರಬೇಕು.

“ನನಗೆ ಎಂಟು ಬೆರಳು, ಭಾವನಿಗೆ ಹತ್ತು,” ಎಂದು ನಗುತ್ತಾರೆ ಬೆಲ್ಟು ಬಿಗಿಯುತ್ತ. “ಮುಟ್ಟಿ ನೋಡೋ ಕೆಲಸ ಅವರೇ ಮಾಡ್ಲಿ.”

ಭಾವ ನಗುವುದಿಲ್ಲ. “ಬೆಲ್ಟು ಇನ್ನೊಂದ್ಸಲ ಎಳಿ.”

“ಎಳೆದೆ.”

“ನಾನು ನೋಡ್ಲಿಲ್ಲ. ಎಳಿ.”

ಏಣಿಗೆ ಇನ್ನೂರ ಎಂಬತ್ತಾರು ಮೆಟ್ಟಿಲು. ಹತ್ತಲು ಇಪ್ಪತ್ತೈದು ನಿಮಿಷ ಬೇಕು, ನಡುವೆ ಮೂರು ಕಡೆ ನಿಲ್ಲಬಹುದು. ಎರಡನೇ ನಿಲುಗಡೆಯಲ್ಲಿ, ಭಾಮೈದ ಒಂದು ಹಂತ ಮೇಲಿರುವಾಗ, ಅವರು ತಗ್ಗಿದ ದನಿಯಲ್ಲಿ ಹೇಳುತ್ತಾರೆ: “ಮನೇಲಿ ಹೇಳಿಲ್ಲ. ಇವನು ಹಬ್ ಒಳಗೆ ಕಾಲಿಡಬಾರದು ಅಂತ ಇವನಕ್ಕ ಇಬ್ಬರ ಹತ್ರಾನೂ ಮಾತು ತಗೊಂಡಿದ್ಳು. ಇವತ್ತು ಹೆಚ್ಚುಕಡಿಮೆ ಆದ್ರೆ ನಾನು ಮನೆ ಬಾಗಿಲು ದಾಟೋ ಹಾಗಿಲ್ಲ.”

ಹನ್ನೊಂದು ವರ್ಷದ ಹಿಂದಿನ ಬೆಳಿಗ್ಗೆಯೂ ಹೀಗೇ ಇತ್ತು. ಗಾಳಿ ಎರಡು ಪಾಯಿಂಟ್ ನಾಲ್ಕು. ಪಿನ್ ಕೂರಿಸುವ ಕ್ರಮ ಸರಳ: ಗೇರ್ ಪೆಟ್ಟಿಗೆಯ ಹಿಂದಿನ ತಟ್ಟೆಯನ್ನು ಕೈಯಲ್ಲಿ ತಿರುಗಿಸುತ್ತ ಹೋಗಬೇಕು. ಇಲ್ಲಿ ತೊಂಬತ್ತು ಸುತ್ತಾದರೆ ಹೊರಗೆ ರೆಕ್ಕೆಗಳದು ಒಂದು ಸುತ್ತು. ರೋಟರಿನ ತೂತು ಪಿನ್ನಿನ ನೇರಕ್ಕೆ ಬಂದಾಗ ಬ್ರೇಕ್ ಹಾಕಿ, ಹಿಡಿಚಕ್ರ ತಿರುವಿ ಪಿನ್ನನ್ನು ಒಳಗೆ ತಳ್ಳಬೇಕು. ಆದರೆ ಬ್ರೇಕ್ ಹಾಕಿದರೂ ಗೇರಿನ ಹಲ್ಲುಗಳ ನಡುವಿನ ಸಡಿಲದಲ್ಲಿ ರೋಟರ್ ಬೆರಳಗಲ ಆಚೀಚೆ ತೂಗುತ್ತದೆ. ಜೋರು ಗಾಳಿಯಲ್ಲಾದರೆ ಆ ತೂಗಾಟ ಕಣ್ಣಿಗೆ ಕಾಣುತ್ತದೆ. ಮಂದ ಗಾಳಿಯಲ್ಲಿ ಎಷ್ಟು ನಿಧಾನವೆಂದರೆ, ಗೋಡೆ ಗಡಿಯಾರದ ಗಂಟೆಮುಳ್ಳು ಸರಿದ ಹಾಗೆ.

“ನಿಂತಿದೆ ಅಂದ್ಕೊಂಡೆ,” ಎನ್ನುತ್ತಾರೆ. “ಅಷ್ಟೇ ನಾನು ಮಾಡಿದ್ದು. ಹಿಡಿಚಕ್ರ ಬಿಗಿಯಾಯ್ತು, ಟಣ್ ಅಂತ ಸದ್ದು ಬಂತು. ಕೂತ್ಕೊಳ್ತು ಅಂದೆ, ಫಾರಂಗೆ ಸಹಿ ಹಾಕ್ದೆ. ಅದು ತೂತಿನ ಅಂಚಿಗೆ ಒತ್ಕೊಂಡು ನಿಂತಿತ್ತು, ಒಳಗೆ ಹೋಗಿರ್ಲಿಲ್ಲ. ಗಾಳಿ ಇದ್ದಿದ್ರೆ ಇನ್ನೊಂದ್ಸಲ ನೋಡ್ತಿದ್ದೆ. ಇಲ್ವಲ್ಲ ಅಂತ ನೋಡ್ಲಿಲ್ಲ.”

ಒಳಗೆ ಹೋದ ಭಾಮೈದ ಹೊಸ ಮೋಟಾರು ಕೂರಿಸಿ, ಪರೀಕ್ಷೆಗೆಂದು ಒಂದು ರೆಕ್ಕೆಯನ್ನು ತಿರುವಿ ಅದರ ಅಗಲವನ್ನು ಗಾಳಿಗೆ ತೆರೆದರು. ಹೊರಗೆ ದಾರವನ್ನೂ ಅಲ್ಲಾಡಿಸದ ಗಾಳಿಗೆ ನಲವತ್ತು ಮೀಟರ್ ಉದ್ದದ ರೆಕ್ಕೆ ಸಿಕ್ಕಿತು. ಪಿನ್ ಅಂಚಿನಿಂದ ಜಾರಿತು, ಸವೆದ ಬ್ರೇಕ್ ತಡೆಯಲಿಲ್ಲ. ರೋಟರ್ ತಿರುಗಿದ್ದು ಒಂದು ಸುತ್ತಿನ ಆರನೇ ಒಂದು ಭಾಗ ಮಾತ್ರ. ಅಷ್ಟರಲ್ಲಿ ಹಬ್ಬಿನೊಳಗೆ ನೆಲವಿದ್ದಲ್ಲಿ ಗೋಡೆ ಬಂದಿತ್ತು, ಕೈ ಹಲ್ಲುಚಕ್ರದ ಸಂದಿಯಲ್ಲಿತ್ತು.

ವಿಚಾರಣೆ ನಡೆಯಿತು, ಭಾವನಿಗೆ ಮೂರು ತಿಂಗಳು ಅಮಾನತಾಯಿತು. ವಾಪಸಾದ ಮೊದಲ ದಿನ ಅವರು ಅಂಗಡಿಯಲ್ಲಿ ಕೆಂಪು ನೇಲ್ ಪಾಲಿಶ್ ಕೊಂಡರು. ಪಿನ್ ಪೂರ್ತಿ ಒಳಗೆ ಕೂತಾಗ ಎಲ್ಲಿ ಮರೆಯಾಗುತ್ತದೋ ಅಲ್ಲಿಗೊಂದು ಕೆಂಪು ಪಟ್ಟಿ ಬಳಿದರು. ಕೆಂಪು ಕಂಡರೆ ಯಾರೂ ಒಳಗೆ ಹೋಗುವಂತಿಲ್ಲ. ಯಾರೂ ಹೇಳದೆ, ಒಂದೊಂದಾಗಿ, ಎರಡು ವರ್ಷದಲ್ಲಿ ಅರವತ್ತೆರಡು ಯಂತ್ರಗಳಿಗೂ ಬಳಿದು ಮುಗಿಸಿದರು. ಎಣ್ಣೆಗೆ ಬಣ್ಣ ಏಳುತ್ತದೆ, ಹಾಗಾಗಿ ಆರು ತಿಂಗಳಿಗೊಮ್ಮೆ ಮತ್ತೆ ಬಳಿಯುತ್ತಾರೆ. “ಅಂಗಡಿಯವಳು ಕೇಳಿದ್ಳು, ಮನೇಲಿ ಹೆಣ್ಣುಮಕ್ಕಳು ಎಷ್ಟು ಜನ ಅಂತ. ಅರವತ್ತೆರಡು ಅಂದೆ.”

ಆರು ನಲವತ್ತಕ್ಕೆ ಗೋಪುರದ ತುದಿಯ ಯಂತ್ರದ ಕೋಣೆಯಲ್ಲಿ ಪಿನ್ ಕೂರುತ್ತದೆ. ಅವರು ಕೈಗವಸು ಕಳಚಿ ತೋರುಬೆರಳನ್ನು ಪಿನ್ನಿನ ಸುತ್ತ ಆಡಿಸುತ್ತಾರೆ. ಕಣ್ಣಿಗೆ ಕೆಂಪಿಲ್ಲ. ಬೆರಳಿಗೆ ಅಂಚು ಸಿಗುತ್ತಿಲ್ಲ. ಎರಡನೇ ಸಲ. ಭಾಮೈದ ಹಬ್ಬಿನ ಕಿಂಡಿಯ ಬಳಿ ಮಂಡಿಯೂರಿ ಕಾಯುತ್ತಿದ್ದಾರೆ.

“ಸಾಕಾ ಭಾವ? ಇಲ್ಲ ಪಿನ್ನಿಗೆ ಮುತ್ತೂ ಕೊಡಬೇಕಾ?”

“ಹೋಗು. ನಿಮಿಷಕ್ಕೊಂದ್ಸಲ ಸ್ಪ್ಯಾನರಲ್ಲಿ ಮೂರು ಸಲ ಕುಟ್ಟು. ಮರೆತ್ರೆ ಕಾಲು ಹಿಡಿದು ಎಳೀತೀನಿ.”

ಕಿಂಡಿಯಲ್ಲಿ ಮೊದಲು ಹೆಲ್ಮೆಟ್ಟು, ಆಮೇಲೆ ಭುಜ, ಕೊನೆಗೆ ಬೂಟು ಮರೆಯಾಗುತ್ತವೆ. ಟಕ್ ಟಕ್ ಟಕ್. ಇವರು ರೆಂಚಿನಿಂದ ಮರುಕುಟ್ಟುತ್ತಾರೆ. ಮೂವತ್ತು ನಿಮಿಷ ಹೀಗೇ ಸಾಗುತ್ತದೆ. ಕೋಣೆಯೊಳಗೆ ಚಳಿಯಿದೆ, ಆದರೂ ಅವರ ಕುತ್ತಿಗೆಯ ಮೇಲೆ ಬೆವರಿದೆ. ನಡುವೆ ಎದ್ದು ಮೂರನೇ ಸಲ ಬೆರಳಾಡಿಸಿ ಮತ್ತೆ ಕೂರುತ್ತಾರೆ. ಫ್ಲಾಸ್ಕಿನ ಕಾಫಿ ಮುಟ್ಟಿಲ್ಲ.

“ಎರಡನೇ ರೆಕ್ಕೆ ತೆರೀತಿದೀನಿ,” ಒಳಗಿನಿಂದ ದನಿ ಬರುತ್ತದೆ.

ರೇಡಿಯೊದಲ್ಲಿ ಕಂಟ್ರೋಲ್ ರೂಮಿನ ಮೇಡಂ ಅಂಕಿ ಓದುತ್ತಾರೆ. “ಎರಡು ಪಾಯಿಂಟ್ ಆರು. ಎರಡು ಪಾಯಿಂಟ್ ಒಂಬತ್ತು.” ಸ್ವಲ್ಪ ತಡೆದು, “ಮೂರು ಪಾಯಿಂಟ್ ಮೂರು. ನೋಡ್ಕೊಳ್ಳಿ.”

ಆಗ ಸದ್ದಾಗುತ್ತದೆ. ಟಣ್.

ಜೋರಾದ ಸದ್ದಲ್ಲ, ತಟ್ಟೆಯ ಮೇಲೆ ಚಮಚ ಬಿದ್ದಷ್ಟು.  ತೆರೆದ ರೆಕ್ಕೆಗೆ ಗಾಳಿ ಸಿಕ್ಕಿ ಇಡೀ ರೋಟರ್ ಪಿನ್ನಿನ ಮೇಲೆ ಒರಗಿದೆ. ಪಿನ್ ಸರಿಯಾಗಿ ಕೂತಿದ್ದರೂ ಬರುವ ಸದ್ದು ಇದೇ, ಕೂರದಿದ್ದರೂ ಇದೇ. ಭಾವನ ಬೆರಳು ಪಿನ್ನಿನ ಮೇಲಿದೆ. ಉಕ್ಕು ಸಣ್ಣಗೆ ನಡುಗುತ್ತಿದೆ. 

ಕುಟ್ಟುವ ಹೊತ್ತಾಯಿತು. ಒಳಗಿನಿಂದ ಸದ್ದಿಲ್ಲ.

ಅವರು ರೆಂಚಿನಿಂದ ಮೂರು ಸಲ ಕುಟ್ಟುತ್ತಾರೆ. ಉತ್ತರವಿಲ್ಲ. ಹೆಸರು ಹಿಡಿದು ಕರೆಯುತ್ತಾರೆ. ಹಬ್ಬಿನ ಗಾಜುನಾರಿನ ಗೋಡೆ ದನಿಯನ್ನು ನುಂಗಿಕೊಳ್ಳುತ್ತದೆ. ಕಿಂಡಿ ಇರುವುದು ನಾಲ್ಕೇ ಹೆಜ್ಜೆ ದೂರದಲ್ಲಿ, ಆದರೆ ಒಬ್ಬರು ಒಳಗಿದ್ದು ರೆಕ್ಕೆ ತೆರೆದಿರುವಾಗ ಪಿನ್ನು ಬಿಟ್ಟು ಕದಲಬಾರದು. ಆ ನಿಯಮ ಬರೆದವರು ಅವರೇ. ಹತ್ತು ಸೆಕೆಂಡು. ಇಪ್ಪತ್ತು. ಒಂದು ಕಾಲು ಕಿಂಡಿಯ ಕಡೆಗೆ ಸರಿದಿದೆ, ಬೆರಳು ಪಿನ್ನಿನಲ್ಲೇ ಇದೆ. ಮೈ ಎರಡೂ ಕಡೆಗೆ ಎಳೆಯುತ್ತಿದೆ.

ಟಕ್ ಟಕ್ ಟಕ್.

“ಸ್ಪ್ಯಾನರ್ ಬಿದ್ದುಹೋಗಿತ್ತು ಭಾವ, ಹುಡುಕ್ತಿದ್ದೆ.”

ಭಾವ ಸರಿದ ಕಾಲನ್ನು ವಾಪಸು ಎಳೆದುಕೊಳ್ಳುತ್ತಾರೆ. “ತಲೇಲಿ ಕುಟ್ಟಬೇಕಿತ್ತು. ಅದೂ ಟೊಳ್ಳೇ ಅಲ್ವಾ, ಚೆನ್ನಾಗಿ ಕೇಳಿಸ್ತಿತ್ತು.”

ಒಳಗಿನಿಂದ ನಗು ಕೇಳುತ್ತದೆ. ಇವರು ನಾಲ್ಕನೇ ಸಲ ಪಿನ್ನಿನ ಸುತ್ತ ಬೆರಳಾಡಿಸುತ್ತಾರೆ. ಕೆಂಪಿಲ್ಲ.

ಎಂಟೂಕಾಲಿಗೆ ಭಾಮೈದ ಹೊರಬರುತ್ತಾರೆ, ಮುಖಕ್ಕೆಲ್ಲ ಗ್ರೀಸು. ಮತ್ತೆ ಮೇಲೆ ಹತ್ತುವ ಹಟವೇಕೆ ಎಂಬ ಪ್ರಶ್ನೆಗೆ ಅವರು ಕೈ ಒರೆಸಿಕೊಳ್ಳುತ್ತ ಉತ್ತರಿಸುತ್ತಾರೆ. “ಹನ್ನೊಂದು ವರ್ಷದಿಂದ ಭಾವ ನನ್ನ ಎಡಗೈ ನೋಡಿಲ್ಲ. ಎದುರಿಗೇ ಊಟಕ್ಕೆ ಕೂತ್ರೂ ಗೋಡೆ ನೋಡ್ತಾರೆ. ಎಷ್ಟು ದಿನ ಅಂತ ಗೋಡೆ ನೋಡ್ಕೊಂಡು ಊಟ ಮಾಡ್ತಾರೆ?” ಎಂದವರೇ ಆ ಕೈಯನ್ನು ಭಾವನ ಮುಂದೆ ಚಾಚುತ್ತಾರೆ. “ಎಬ್ಬಿಸಿ, ಮಂಡಿ ಹಿಡ್ಕೊಂಡಿದೆ.” ಭಾವ ಮೂರು ಬೆರಳಿನ ಕೈಯನ್ನು ನೋಡಿ, ಹಿಡಿದು ಎಬ್ಬಿಸುತ್ತಾರೆ.

ಹಬ್ಬಿನ ಕೆಲಸವಿರುವ ದಿನ ಫೋನ್ ಮೇಲೆ ಒಯ್ಯುವಂತಿಲ್ಲ. ಕೆಳಗೆ ಜೀಪಿನಲ್ಲಿ ಬಿಟ್ಟಿದ್ದ ಫೋನಿನಲ್ಲಿ ಹೆಂಡತಿಯ ಏಳು ಕರೆಗಳಿವೆ. ಆಕೆ ಮನೆಯಲ್ಲೇ ಹೊಲಿಗೆ ಮಾಡುತ್ತಾರೆ, ಬಾಗಿಲಿಗೆ ಕಟ್ಟಿದ ದಾರ ಅವರದೇ ಉರುಳೆಯದು. ಉಳಿದವರ ಮನೆಗಳಲ್ಲಿ ಗಾಳಿ ಜೋರಾದರೆ ಹೆದರುತ್ತಾರೆ. ಈ ಮನೆಯಲ್ಲಿ ಹಿತ್ತಲ ತಂತಿಯ ಬಟ್ಟೆ ಅಲ್ಲಾಡದಿದ್ದರೆ ಹೊಲಿಗೆ ಯಂತ್ರ ನಿಲ್ಲುತ್ತದೆ.

ಮೊದಲು ಫೋನ್ ಹಿಡಿದದ್ದು ತಮ್ಮ. “ಅಕ್ಕಾ, ಬೈಬೇಡ. ಒಳಗೆ ಹೋಗಿ ಬಂದೆ.” ಆ ಕಡೆಯಿಂದ ಒಂದು ಪ್ರಶ್ನೆ ಬರುತ್ತದೆ. “ಹೂಂ, ಭಾವನೇ ಇದ್ರು. ಕೊಡ್ತೀನಿ ತಾಳು.”

ಭಾವ ಫೋನ್ ಕಿವಿಗಿಟ್ಟುಕೊಂಡು ಯಂತ್ರದ ಕಡೆ ನೋಡುತ್ತ ನಿಲ್ಲುತ್ತಾರೆ. ಗಾಳಿ ನಾಲ್ಕು ದಾಟಿದೆ. ಬಿಡುಗಡೆಯಾದ ರೆಕ್ಕೆಗಳು ಮೆಲ್ಲಗೆ ಗಾಳಿಗೆ ಮುಖ ಕೊಟ್ಟು ವೇಗ ಹಿಡಿಯುತ್ತಿವೆ. ತಮಗಿರುವ ಆಸೆ ಒಂದೇ ಎಂದು ಇಳಿಯುವಾಗ ಅವರು ಹೇಳಿದ್ದರು: ಯಂತ್ರ ತಯಾರಿಸುವವರೇ ಪಿನ್ನಿಗೆ ಒಂದು ಕೆಂಪು ಪಟ್ಟಿ ಬಳಿದು ಕಳಿಸಬೇಕು. “ನಾನು ಇನ್ನೆಷ್ಟು ವರ್ಷ ಅಂತ ಹತ್ಲಿ? ನೇಲ್ ಪಾಲಿಶ್ ಬೇರೆ ಏಳುತ್ತೆ.” ನಾಳೆಯ ಮುನ್ಸೂಚನೆ ಎರಡು ಪಾಯಿಂಟ್ ಎರಡು. ಹದಿನೇಳನೇ ನಂಬರಿನ ಯಂತ್ರ, ಒಳಗೆ ಹೋಗುವವರ ಪಟ್ಟಿಯಲ್ಲಿ ಮತ್ತೆ ಭಾಮೈದನ ಹೆಸರಿದೆ. ಅದನ್ನೂ ಹೆಂಡತಿಗೆ ಈಗಲೇ ಹೇಳಿಬಿಡುತ್ತಾರೆ.

ಫೋನಿನ ದನಿ ಪಕ್ಕದಲ್ಲಿದ್ದವರಿಗೂ ಕೇಳಿಸುತ್ತದೆ. “ರೀ, ಇವತ್ತು ಎಷ್ಟು ಸಲ ಮುಟ್ಟಿ ನೋಡಿದ್ರಿ?”

“ನಾಲ್ಕು.”

“ನಾಳೆ ಐದು ಸಲ ನೋಡಿ.”