ಸುಂದ್ರಮ್ಮನ ನಳ್ಳಿ ಎಲುಬು

ರಂಗಂಪೇಟೆಯ ಸುಂದ್ರಮ್ಮನ ಪ್ರಕಾರ ಲೋಕದ ಕಷ್ಟಕ್ಕೆಲ್ಲ ಕಾರಣ ಒಂದೇ. ಕಾಲುವೆ ಗದ್ದೆಯ ಭತ್ತ ಹಳದಿಯಾಗಲಿ, ನೆರೆಮನೆಯ ಸೊಸೆ ಮುನಿಸಿಕೊಳ್ಳಲಿ, "ಏನೋ ಕಮ್ಮಿ ಬಿದ್ದದವ್ವಾ" ಎಂದುಬಿಡುವಳು. ಗಂಡ ಅಂಬ್ರಪ್ಪ ಸೊರಗತೊಡಗಿದ ಮೇಲೆ ಐತವಾರಕ್ಕೊಮ್ಮೆ ಕುರಿಯ ನಳ್ಳಿ ಎಲುಬನ್ನು ತಾಟಿಗೆ ಕುಟ್ಟಿ ಕುಟ್ಟಿ ಮಜ್ಜೆಯನ್ನೆಲ್ಲ ಅವನ ಅನ್ನದ ಮೇಲೆ ಬೀಳಿಸುವಳು. ಅದು ನೇರ ಅವನ ಎಲುಬಿಗೇ ಇಳಿಯುತ್ತದೆಂದು ಅವಳ ನಂಬಿಕೆ. ಅವನ ಟೊಂಕದೆಲುಬಿನ ಮಜ್ಜೆ ತೆಗೆದು ಪರೀಕ್ಷಿಸಿದ ಡಾಕ್ಟರು, "ಕಮ್ಮಿ ಅಲ್ಲವ್ವಾ, ಹೆಚ್ಚಾಗ್ಯದ. ಬಿಳಿ ಕಣ ತುಂಬಿ ಕೆಂಪು ರಕ್ತಕ್ಕ ಜಾಗಾನೇ ಉಳಿದಿಲ್ಲ. ಇದು ವರ್ಷಗಟ್ಟಲೆ ಇರೋ ರೋಗ, ಗುಳಿಗಿ ಬಿಡಬ್ಯಾಡ್ರಿ" ಎಂದರು. ಮುಂದಿನ ಐತವಾರ ಸುಂದ್ರಮ್ಮ ಅಡುಗೆಮನೆಯಲ್ಲೇ ಮಜ್ಜೆಯನ್ನು ಬೆಕ್ಕಿಗೆ ಕುಟ್ಟಿ ಹಾಕಿ, ಬರೀ ಎಲುಬನ್ನು ಗಂಡನ ತಾಟಿಗಿಟ್ಟು, ಮುಖ ತಿರುಗಿಸಿ ಕೂತಳು. ಅಂಬ್ರಪ್ಪ ಆ ಟೊಳ್ಳು ಎಲುಬನ್ನು ಬಹಳ ಹೊತ್ತು ಚೀಪಿ, "ಏನೂ ಕಮ್ಮಿ ಬಿದ್ದಿಲ್ಲ ಬಿಡು" ಎಂದ.