ಹಸನ್ ಕಾಕಾ ಕೇಳಿಸಿಕೊಂಡ ಸುಲ್ತಾನ

ಹಸನ್ ಕಾಕಾ ನಾಣ್ಯಗಳನ್ನು ಕಿವಿಯಿಂದ ನೋಡುತ್ತಿದ್ದರು. ಬೆರಳ ತುದಿಯಲ್ಲಿಟ್ಟು, ಉಗುರಿನಿಂದ ಚಿಮ್ಮಿ, ಕಣ್ಣು ಮುಚ್ಚಿ ಕೇಳುವರು. "ಬೆಳ್ಳಿಗೆ ಸ್ವರ ಉಂಟು, ತವರಕ್ಕೆ ಬರೀ ಕೆಮ್ಮು," ಎಂದು ತೀರ್ಪು ಕೊಡುವರು. ಊರು ಉಪ್ಪಿನಂಗಡಿ. ಕೊಲ್ಲಿ ದೇಶದ ಪೇಟೆ ಸೂಕ್ ವಾಕಿಫ್‌ನಲ್ಲಿ ಹಳೆ ಬೆಳ್ಳಿಯ ಪುಟ್ಟ ಅಂಗಡಿ. ನಾನು ಬಿಜಾಪುರದ ಪೈಪ್ ಫಿಟ್ಟರ್. ಶುಕ್ರವಾರ ಬಂದರೆ ಸಾಕು, ಅಲ್ ಹಿಲಾಲ್‌ನ ರೂಮಿನಿಂದ ಅಲ್ಲಿಗೆ ಓಡುತ್ತಿದ್ದೆ.

"ನಿಮ್ಮ ಸುಲ್ತಾನರೂ ತಂತಿ ನಾಣ್ಯ ಹೊಡೆಸಿದ್ದರು ಮಾರಾಯ, ಲಾರಿನ್ ಅಂತ. ಬೆಳ್ಳಿ ತಂತಿ ಮಡಚುವುದು, ಸುತ್ತಿಗೆಯ ಒಂದು ಪೆಟ್ಟು, ಖಲಾಸ್! ಪರ್ಷಿಯಾದ್ದು ಎಷ್ಟೋ ಸಿಕ್ಕಿತು. ಬಿಜಾಪುರದ್ದು ಮಾತ್ರ ಮಾಫಿ, ಒಂದೂ ಇಲ್ಲ!" ಎಂದು ಕೊರಗುವರು. ಅವರ ದೃಷ್ಟಿ ದಿನೇ ದಿನೇ ಮಂಜಾಗುತ್ತಿತ್ತು. ಆ ತಿಂಗಳ ಕೊನೆಗೆ ಅಂಗಡಿ ಮುಚ್ಚಿ ಊರಿಗೆ ಹೊರಡುವವರಿದ್ದರು. ಅಷ್ಟರೊಳಗೆ ಒಂದಾದರೂ ಸಿಗಬೇಕೆಂಬುದೊಂದೇ ಹಟ.

ಕೊನೆಯ ಶುಕ್ರವಾರ, ಕರಗಿಸಲು ಕಳಿಸುವ ಮುರುಕು ಬೆಳ್ಳಿಯ ಡಬ್ಬಿಯನ್ನು ನನ್ನ ಮುಂದೆ ಸುರಿದು ಆರಿಸಲು ಹೇಳಿದರು. ಗೆಜ್ಜೆ, ತಾಯಿತ, ಕೊಂಡಿಗಳ ನಡುವೆ ಮಡಚಿದ ತಂತಿಯೊಂದಿತ್ತು. ಸೊಟ್ಟದ್ದು ಕಂಡರೆ ಫಿಟ್ಟರನ ಕೈ ಸುಮ್ಮನಿರುತ್ತದೆಯೇ? ಇಕ್ಕಳದಲ್ಲಿ ಹಿಡಿದು ಒಂದು ತುದಿಯನ್ನು ಎಳೆದೇಬಿಟ್ಟೆ. ತಂತಿ ಟಿಣ್ ಎಂದಿತು.

ಆ ಸದ್ದಿಗೆ ಕಾಕಾ ಹಾರಿಬಿದ್ದರು. "ನಿಲ್ಲಿಸು! ಎಂತ ಮಾಡಿದೆ ಮಾರಾಯ!"

"ಸೊಟ್ಟ ಆಗಿತ್ರಿ ಕಾಕಾ, ನೆಟ್ಟಗ ಮಾಡಾಕತ್ತಿದ್ದೆ..."

ಕಿತ್ತುಕೊಂಡು ಭೂತಗನ್ನಡಿ ಹಿಡಿದರು. ಕಣ್ಣು ಸಾಲದೆ ಅಕ್ಷರಗಳನ್ನು ಉಗುರಿನಿಂದಲೇ ತಡವಿದರು. "ಐನ್... ಲಾಮ್... ಯೇ... ಅಲಿ! ಅಲಿ ಆದಿಲ್ ಶಾ! ಯಾ ಅಲ್ಲಾ, ನಿಮ್ಮವನೇ!"

ಅಬ್ಬಾ! ನಮ್ಮೂರ ಬಾರಾ ಕಮಾನಿನ ಅರ್ಧಕ್ಕೆ ನಿಂತ ಕಮಾನುಗಳ ಕೆಳಗೆ, ಇದೇ ಸುಲ್ತಾನನ ಗೋರಿಯ ಪಕ್ಕದಲ್ಲೇ ನಾನು ಚಿನ್ನಿದಾಂಡು ಆಡಿ ಬೆಳೆದವನು. ಆ ಇಕ್ಕಟ್ಟಿನ ಅಂಗಡಿಯಲ್ಲಿ ಇಬ್ಬರೂ ಕುಣಿದೆವು. ಮರುಕ್ಷಣ ನಾಣ್ಯದತ್ತ ನೋಡಿದೆ. ತಂತಿಯ ಒಂದು ಕಾಲು ನನ್ನಿಂದ ಸೆಟೆದು ನಿಂತಿತ್ತು.

"ಮತ್ತ ಬಗ್ಗಿಸ್ಲೇನ್ರಿ?"

"ಬೇಡ, ಮುರಿದೀತು. ಸುಲ್ತಾನನ ಪೆಟ್ಟಿನ ಜೊತೆ ನಿನ್ನದೂ ಒಂದು ಇರಲಿ," ಎಂದರು. ಆದರೆ ಅವರ ಮುಖ ಬಾಡಿತ್ತು. ಹೊರಡುವ ದಿನ ಅದನ್ನು ನನ್ನ ಅಂಗೈಯಲ್ಲಿಟ್ಟರು. "ನನಗೆ ಇನ್ನು ಕಾಣುವುದಿಲ್ಲ. ನೀನು ಇಟ್ಟುಕೋ. ಆದರೆ ಪ್ರತಿ ಶುಕ್ರವಾರ ಫೋನ್ ಮಾಡಬೇಕು."

ಈಗ ಆ ಅಂಗಡಿಯಲ್ಲಿ ಮೊಬೈಲ್ ಕವರ್ ಮಾರುತ್ತಾರೆ. ನಾನು ಶುಕ್ರವಾರ ತಪ್ಪಿಸಿಲ್ಲ. ಕಾಕಾ ನನ್ನ ಕ್ಷೇಮ ಕೇಳುವುದಿಲ್ಲ. "ಹ್ಞೂಂ, ಬಾರಿಸು," ಎನ್ನುತ್ತಾರೆ. ಸೆಟೆದ ತುದಿಯನ್ನು ಫೋನಿನ ಹತ್ತಿರ ಹಿಡಿದು ಚಿಮ್ಮುತ್ತೇನೆ. ಕೇಳಿಸಿಕೊಂಡು ಕಾಕಾ ಹೇಳುತ್ತಾರೆ:

"ನೀನು ಎಳೆದದ್ದೇ ಒಳ್ಳೆಯದಾಯಿತು ಮಾರಾಯ. ಮಡಚಿದ ಹಾಗೇ ಇದ್ದಿದ್ದರೆ ನನಗೆ ಇಲ್ಲಿಗೆ ಕೇಳುತ್ತಿತ್ತಾ?"